ವಿಜಯಪುರದಿಂದ ಯಾವ ದಿಕ್ಕಿಗೆ?

ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸುತ್ತೇನೆ. ವಿಜಯಪುರದಲ್ಲಿ ನಿಮ್ಮ ಮನೆಯ ಮಾಳಿಗೆಯ ಮೇಲೆ ನಿಂತು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರ ಯಾವ ದಿಕ್ಕಿಗಿದೆ ಎಂದು ಬೆರಳು ಮಾಡಿ ತೋರಿಸಿರಿ. ಹಿರಿಯರು ಪಶ್ಚಿಮಕ್ಕೆ ಕೈ ಚಾಚುತ್ತಾರೆ. ಅಮೆರಿಕವೆಂದರೆ ಯೂರೋಪನ್ನು ದಾಟಿ ಆಚೆಗಿರುವ ದೇಶ ಎಂಬುದು ಅವರ ಮನಸ್ಸಿನಲ್ಲಿ ಅಚ್ಚೊತ್ತಿದೆ. ಶಾಲೆಯ ಮಕ್ಕಳು ಪೂರ್ವಕ್ಕೆ ತೋರಿಸುತ್ತಾರೆ. ಜಪಾನಿನ ಆಚೆ ಪೆಸಿಫಿಕ್ ಸಾಗರ, ಅದರ ಆಚೆ ದಡ ಕ್ಯಾಲಿಫೋರ್ನಿಯಾ ಎಂಬುದು ಅವರ ತರ್ಕ. ಎರಡೂ ತಪ್ಪಲ್ಲ, ಆದರೆ ಎರಡೂ ಸರಿಯಾದ ಉತ್ತರವಲ್ಲ. ಅತ್ಯಂತ ಸಮೀಪದ ದಾರಿ ಹೊರಡುವುದು ಉತ್ತರಕ್ಕೆ, ಸ್ವಲ್ಪ ಬಲಕ್ಕೆ ವಾಲಿ. ನಮ್ಮ ಊರಿನ ಭಾಷೆಯಲ್ಲೇ ಹೇಳುವುದಾದರೆ ಚಿಕ್ಕಬಳ್ಳಾಪುರಕ್ಕೂ ಶಿಡ್ಲಘಟ್ಟಕ್ಕೂ ನಡುವೆ, ಶಿಡ್ಲಘಟ್ಟದ ಕಡೆಗೆ ಓರೆಯಾಗಿ.

ನಾನು ಹೇಳುತ್ತಿರುವುದು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ವಿಷಯ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. 2014ರ ನವೆಂಬರಿನಲ್ಲಿ ಬಿಜಾಪುರಕ್ಕೆ ವಿಜಯಪುರವೆಂಬ ಹೆಸರು ಅಧಿಕೃತವಾದ ಮೇಲೆ, ಹಿಂದೆ ವಡಿಗೇನಹಳ್ಳಿಯೆಂದೂ ಕರೆಯಲಾಗುತ್ತಿದ್ದ ನಮ್ಮ ರೇಷ್ಮೆಯ ಊರು ತನ್ನ ಹೆಸರಿಗೆ ತಾನೇ ವಿವರಣೆ ಕೊಡಬೇಕಾದ ಸ್ಥಿತಿ ಬಂದಿದೆ. ದೇವನಹಳ್ಳಿಯಿಂದ ಈಶಾನ್ಯಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಊರು ಇದು. ರಾತ್ರಿ ಹೊತ್ತು ನೈಋತ್ಯಕ್ಕೆ ಮುಖ ಮಾಡಿದರೆ ವಿಮಾನ ನಿಲ್ದಾಣದಿಂದ ಏರುವ, ಇಳಿಯುವ ದೀಪಗಳು ಕಾಣುತ್ತವೆ. ನಮ್ಮ ಮಕ್ಕಳು ಅವುಗಳನ್ನು ನಕ್ಷತ್ರಗಳಷ್ಟೇ ಸಹಜವಾಗಿ ನೋಡುತ್ತಾರೆ. ಆದರೆ ಒಂದು ತಲೆಮಾರಿನ ಹಿಂದೆ ಅದೇ ಸ್ಥಳದಲ್ಲಿ ರಾಗಿಯ ಹೊಲಗಳಿದ್ದವು.

ಬೆಂಗಳೂರಿನ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ ಭೂಮಿಯ ಮೈಮೇಲೆ ಎಳೆದ ನೇರ ಅಂತರ 13,993 ಕಿಲೋಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದರೆ ಭೂಮಿಯ ಮೇಲೆ ಯಾವುದೇ ಎರಡು ಊರುಗಳು 20,000 ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿರಲು ಸಾಧ್ಯವೇ ಇಲ್ಲ. ಆ ಗರಿಷ್ಠ ದೂರದ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ದೂರದಲ್ಲಿವೆ ಈ ಎರಡು ನಗರಗಳು. ನಿಮ್ಮ ಮನೆಯಲ್ಲಿ ಮಕ್ಕಳ ಭೂಗೋಳವಿದ್ದರೆ ಒಂದು ರೇಷ್ಮೆ ದಾರವನ್ನು ತೆಗೆದುಕೊಳ್ಳಿ. ವಿಜಯಪುರದ ಮನೆಗಳಲ್ಲಿ ರೇಷ್ಮೆ ದಾರಕ್ಕೇನು ಕೊರತೆ! ಒಂದು ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೂ ಇಟ್ಟು ಬಿಗಿಯಾಗಿ ಎಳೆಯಿರಿ. ದಾರವು ಟಿಬೆಟ್ಟನ್ನು, ಚೀನಾವನ್ನು ದಾಟಿ, ಸೈಬೀರಿಯದ ಪೂರ್ವದ ಹಿಮನಾಡನ್ನು ಸವರಿ, ಅಲಾಸ್ಕಾದ ಮೇಲೆ ಇಳಿದು ಕ್ಯಾಲಿಫೋರ್ನಿಯಾವನ್ನು ಮುಟ್ಟುತ್ತದೆ. ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ಈ ಸತ್ಯ ಎಂದಿಗೂ ಕಾಣುವುದಿಲ್ಲ. ದುಂಡಗಿನ ಭೂಮಿಯನ್ನು ಕಾಗದದ ಮೇಲೆ ಹರಡಿದಾಗ ಉತ್ತರದ ನೆಲವೆಲ್ಲ ಹಿಗ್ಗಿಹೋಗುತ್ತದೆ, ಹತ್ತಿರದ್ದು ದೂರವಾಗಿ ತೋರುತ್ತದೆ.

ಈಗ ನಿಜವಾದ ಒಂದು ಪ್ರಯಾಣವನ್ನು ನೋಡೋಣ. 2021ರ ಜನವರಿ 9ರ ಶನಿವಾರ ರಾತ್ರಿ, ಅಲ್ಲಿನ ಎಂಟೂವರೆ ಗಂಟೆಯ ವೇಳೆಗೆ, ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹೊರಟಿತು. ಈ ಎರಡು ನಗರಗಳ ನಡುವೆ ಎಲ್ಲಿಯೂ ಇಳಿಯದ ಮೊದಲ ಪ್ರಯಾಣಿಕ ಸೇವೆ ಅದು. ಕ್ಯಾಪ್ಟನ್ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್ ಎಂಬ ನಾಲ್ವರು ಮಹಿಳೆಯರು ಚಾಲಕರು. ಉತ್ತರ ಧ್ರುವ ಪ್ರದೇಶದ ಮೇಲೆ ಹಾದು, ಸುಮಾರು 17 ಗಂಟೆಗಳ ಹಾರಾಟ ಮುಗಿಸಿ, ಜನವರಿ 11ರ ಸೋಮವಾರ ಬೆಳಗಿನ ಜಾವ 3 ಗಂಟೆ 45 ನಿಮಿಷದ ಸುಮಾರಿಗೆ ಅವರು ದೇವನಹಳ್ಳಿಯ ನೆಲವನ್ನು ಮುಟ್ಟಿದರು.

ಶನಿವಾರ ರಾತ್ರಿ ಹೊರಟವರು ಸೋಮವಾರ ನಸುಕಿನಲ್ಲಿ ಬಂದರು. ಹಾಗಾದರೆ ಭಾನುವಾರ ಎಲ್ಲಿ ಹೋಯಿತು? ಚಳಿಗಾಲದಲ್ಲಿ ಬೆಂಗಳೂರಿನ ಗಡಿಯಾರ ಸ್ಯಾನ್ ಫ್ರಾನ್ಸಿಸ್ಕೋ ಗಡಿಯಾರಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅವರು ಅಲ್ಲಿ ವಿಮಾನ ಹತ್ತುವಾಗ ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಬಲಿಪೂಜೆ ಮುಗಿಸಿ ನೀವು ಮನೆಗೆ ಹಿಂದಿರುಗುವ ಸಮಯ. ಇನ್ನೊಂದು ವಿಶೇಷವನ್ನು ಗಮನಿಸಿ. ಜನವರಿ ತಿಂಗಳಿನಲ್ಲಿ ಉತ್ತರ ಧ್ರುವದಲ್ಲಿ ಸೂರ್ಯ ಮೂಡುವುದೇ ಇಲ್ಲ. ಆ ಕತ್ತಲನ್ನು ದಾಟಿ ಏಷ್ಯಾದ ಕಡೆಗೆ ಇಳಿಯುವ ಹೊತ್ತಿಗೆ ಅಲ್ಲಿಯೂ ಸಂಜೆ ಕಳೆದಿರುತ್ತದೆ. ಲೆಕ್ಕ ಹಾಕಿದರೆ ಆ ಪ್ರಯಾಣಿಕರ ಪಾಲಿಗೆ ಅದು ಒಂದೇ ನಿರಂತರ ರಾತ್ರಿ. ಆ ಭಾನುವಾರದ ಸೂರ್ಯನನ್ನು ಅವರು ಕಾಣಲಿಲ್ಲ.

ಆದರೆ ಚರಿತ್ರೆಯ ವಿದ್ಯಾರ್ಥಿಯಾಗಿ ನನ್ನನ್ನು ಸೆಳೆದದ್ದು ಬೇರೊಂದು ಸಂಗತಿ. ದಾರ ತೋರಿಸಿದ ಅತ್ಯಂತ ಹತ್ತಿರದ ದಾರಿ ಉತ್ತರ ಧ್ರುವವನ್ನು ಮುಟ್ಟುವುದೇ ಇಲ್ಲ. 71ನೆಯ ಅಕ್ಷಾಂಶದ ಸುಮಾರಿಗೆ ತಿರುಗಿಬಿಡುತ್ತದೆ. ವಿಮಾನವು ಬೇಕೆಂದೇ ಅದಕ್ಕಿಂತ ಉತ್ತರಕ್ಕೆ ಹೋಯಿತು. ಆ ಪ್ರಯಾಣದಲ್ಲಿ ಕ್ರಮಿಸಿದ ದಾರಿ ಸುಮಾರು 16,000 ಕಿಲೋಮೀಟರ್ ಎಂದು ಆಗ ವರದಿಯಾಯಿತು. ಎರಡು ಸಾವಿರ ಕಿಲೋಮೀಟರ್ ಹೆಚ್ಚಿಗೆ! ಇದಕ್ಕೆ ಕಾರಣ ಗಾಳಿ. ಪೆಸಿಫಿಕ್ ಸಾಗರದ ಉತ್ತರ ಭಾಗದಲ್ಲಿ, ವಿಮಾನಗಳು ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಒಂದು ಗಾಳಿಯ ಮಹಾಪ್ರವಾಹ ಹರಿಯುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿಲೋಮೀಟರನ್ನು ಸುಲಭವಾಗಿ ಮೀರುತ್ತದೆ. ಅಮೆರಿಕದಿಂದ ನಮ್ಮ ಕಡೆಗೆ ಬರುವ ವಿಮಾನ ಅದಕ್ಕೆ ಎದುರಾಗಿ ಈಜಬೇಕು. ಅದರ ಬದಲು ಶಾಂತವಾದ ಧ್ರುವದ ಆಕಾಶವನ್ನು ಸುತ್ತಿ ಬರುವುದು ಇಂಧನದ ದೃಷ್ಟಿಯಿಂದ ಲಾಭ.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಇದೆ. 2016ರ ಅಕ್ಟೋಬರಿನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ಏರ್ ಇಂಡಿಯಾ ವಿಮಾನ ಅಟ್ಲಾಂಟಿಕ್ ಮಾರ್ಗವನ್ನು ಬಿಟ್ಟು ಪೆಸಿಫಿಕ್ ಮಾರ್ಗವನ್ನು ಹಿಡಿಯಿತು. ಹಳೆಯ ದಾರಿ 13,900 ಕಿಲೋಮೀಟರ್, ಹೊಸದು 15,300 ಕಿಲೋಮೀಟರ್. ಆದರೆ ಹೊಸ ದಾರಿಯಲ್ಲಿ ವಿಮಾನ ಹದಿನಾಲ್ಕೂವರೆ ಗಂಟೆಗಳಲ್ಲೇ ತಲುಪಿತು. ಮೊದಲಿಗಿಂತ ಸುಮಾರು ಎರಡು ಗಂಟೆ ಬೇಗ. ಬೆನ್ನ ಹಿಂದೆ ಗಾಳಿಯಿತ್ತು. ದೂರ ಹೆಚ್ಚಾಯಿತು, ಕಾಲ ಕಡಿಮೆಯಾಯಿತು.

ಆಧುನಿಕ ತಂತ್ರಜ್ಞಾನದ ಚಮತ್ಕಾರವೆಂದು ಪತ್ರಿಕೆಗಳು ಇದನ್ನು ಹೊಗಳಿದವು. ವಾಸ್ತವವಾಗಿ ಇದು ಐದು ನೂರು ವರ್ಷಗಳಷ್ಟು ಹಳೆಯ ವಿದ್ಯೆ. ಆಫ್ರಿಕದ ಕರಾವಳಿಗೆ ಅಂಟಿಕೊಂಡು ದಕ್ಷಿಣಕ್ಕೆ ಹೋದರೆ ಎದುರುಗಾಳಿ, ಎದುರು ಪ್ರವಾಹ ಎಂಬುದನ್ನು ಪೋರ್ಚುಗೀಸ್ ನಾವಿಕರು ಕಂಡುಕೊಂಡಿದ್ದರು. ಆದ್ದರಿಂದ 1497ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ನೆಲದಿಂದ ದೂರ ಸರಿದು, ಅಟ್ಲಾಂಟಿಕ್ ಸಾಗರದ ನಡುವೆ ಒಂದು ಬೃಹತ್ ಕಮಾನಿನಂತೆ ಸುತ್ತಿದವು; ಸುಮಾರು ಮೂರು ತಿಂಗಳು ಅವರು ನೆಲವನ್ನೇ ಕಾಣಲಿಲ್ಲ. ಮೂರು ವರ್ಷಗಳ ನಂತರ ಇದೇ ದಾರಿಯಲ್ಲಿ ಹೊರಟ ಕಬ್ರಾಲ್ ಎಷ್ಟು ದೂರ ಸುತ್ತಿದನೆಂದರೆ, ಭಾರತಕ್ಕೆ ಬರುವವನು 1500ರ ಏಪ್ರಿಲ್‌ನಲ್ಲಿ ಬ್ರೆಜಿಲ್ ದೇಶವನ್ನು ಕಂಡ.

ಗಾಳಿಯ ಮಾತನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೂ ಅದೇ ವಾಸ್ಕೋ ಡ ಗಾಮನೇ ಸಾಕ್ಷಿ. 1498ರ ಏಪ್ರಿಲ್ 24ರಂದು ಆಫ್ರಿಕದ ಮಲಿಂದಿಯನ್ನು ಬಿಟ್ಟ ಹಡಗುಗಳು ಮುಂಗಾರಿನ ಗಾಳಿಯ ಬೆಂಬಲದಿಂದ ನಾಲ್ಕು ವಾರಗಳೊಳಗೆ ಕಲ್ಲಿಕೋಟೆಯನ್ನು ಸೇರಿದವು. ಹಿಂದಿರುಗುವಾಗ ಅವನಿಗೆ ತಾಳ್ಮೆ ಇರಲಿಲ್ಲ. ನಮ್ಮ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಿಂದ ಅಕ್ಟೋಬರ್ 5ರಂದು, ಈಶಾನ್ಯದ ಗಾಳಿ ಇನ್ನೂ ನೆಲೆಗೊಳ್ಳುವ ಮೊದಲೇ, ಹೊರಟುಬಿಟ್ಟ. ಅದೇ ಸಮುದ್ರವನ್ನು ದಾಟಲು ಈ ಬಾರಿ ಹಿಡಿದದ್ದು ಮೂರು ತಿಂಗಳು. ಸುಮಾರು ಮೂವತ್ತು ಮಂದಿ ಒಸಡು ಕೊಳೆಯುವ ಸ್ಕರ್ವಿ ರೋಗದಿಂದ ಸತ್ತರು. ಹಡಗನ್ನು ನಡೆಸುವಷ್ಟು ಜನ ಉಳಿಯದೆ, ಮೂರರಲ್ಲಿ ಒಂದು ಹಡಗನ್ನು ಸುಟ್ಟುಹಾಕಬೇಕಾಯಿತು. ಅಂತರ ಒಂದಿಷ್ಟೂ ಬದಲಾಗಿರಲಿಲ್ಲ ಎಂಬುದನ್ನು ಗಮನಿಸಿ.

ಈ ದಾರಿಯಲ್ಲಿ ಬಂದವರಲ್ಲಿ ನಮಗೆಲ್ಲ ಅತ್ಯಂತ ಪರಿಚಿತರಾದವರು ಸಂತ ಫ್ರಾನ್ಸಿಸ್ ಕ್ಸೇವಿಯರ್. 1541ರ ಏಪ್ರಿಲ್ 7ರಂದು ಅವರು ಲಿಸ್ಬನ್ ಬಿಟ್ಟರು. ಗೋವಾ ತಲುಪಿದ್ದು 1542ರ ಮೇ 6ರಂದು. ಹದಿಮೂರು ತಿಂಗಳು. ಅದರಲ್ಲಿ ಸುಮಾರು ಅರ್ಧ ವರ್ಷ ಅನುಕೂಲ ಗಾಳಿಗಾಗಿ ಮೊಜಾಂಬಿಕ್ ದ್ವೀಪದಲ್ಲಿ ಕಾದದ್ದು. ಪ್ರಯಾಣದ ಕಷ್ಟಕ್ಕಿಂತಲೂ ಪತ್ರಗಳ ಕಥೆ ಮನಸ್ಸನ್ನು ಹೆಚ್ಚು ಕಲಕುತ್ತದೆ. ರೋಮಿನಿಂದ ಸಂತ ಇಗ್ನಾಸಿಯವರು ತಮ್ಮ ಪ್ರಿಯ ಮಿತ್ರನನ್ನು ಯೂರೋಪಿಗೆ ಹಿಂದಿರುಗುವಂತೆ ಕರೆದು ಒಂದು ಪತ್ರ ಬರೆದರು. ಅದನ್ನು ಬರೆದದ್ದು 1553ರ ಜೂನ್ ಕೊನೆಯಲ್ಲಿ. ಕ್ಸೇವಿಯರ್ ಅವರು ಚೀನಾದ ಕರೆಯ ಒಂದು ದ್ವೀಪದಲ್ಲಿ ಕಣ್ಣುಮುಚ್ಚಿದ್ದು 1552ರ ಡಿಸೆಂಬರ್ 3ರಂದು. ಏಳು ತಿಂಗಳ ಹಿಂದೆಯೇ ಗತಿಸಿದ ಗೆಳೆಯನಿಗೆ, ಅವನು ಬದುಕಿದ್ದಾನೆಂದೇ ನಂಬಿ, ಮನೆಗೆ ಬಾ ಎಂದು ಬರೆದ ಪತ್ರ ಅದು. ದೂರವೆಂದರೆ ಏನು ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಕಿಲೋಮೀಟರುಗಳನ್ನು ಹೇಳುವುದಿಲ್ಲ, ಈ ಪತ್ರದ ಕಥೆಯನ್ನು ಹೇಳುತ್ತೇನೆ.

ನಮ್ಮ ನೆಲಕ್ಕೂ ಈ ದಾರಿಗಳು ಬಂದು ಸೇರಿದ್ದವು. ಹದಿನೆಂಟನೆಯ ಶತಮಾನದ ಮೊದಲ ದಶಕಗಳಲ್ಲಿ, ಪುದುಚೇರಿಯಿಂದ ಒಳನಾಡಿಗೆ ಬಂದ ಯೇಸುಸಭೆಯ ಫ್ರೆಂಚ್ ಗುರುಗಳು ಚಿಕ್ಕಬಳ್ಳಾಪುರದ ಸೀಮೆಯಲ್ಲಿ ನೆಲೆಸಿ, ಅಲ್ಲಿಂದ ಬರೆದ ಪತ್ರಗಳು ಪ್ಯಾರಿಸ್ಸಿನಲ್ಲಿ ಅಚ್ಚಾದವು. ಹಡಗು ವರ್ಷಕ್ಕೊಮ್ಮೆ, ಪ್ರಶ್ನೆ ಕೇಳಿ ಉತ್ತರ ಪಡೆಯುವ ಹೊತ್ತಿಗೆ ಎರಡು ವರ್ಷ. ಮುಂದೆ ಮೈಸೂರು ಸೀಮೆಯಲ್ಲಿ ದೀರ್ಘಕಾಲ ದುಡಿದ ಅಬ್ಬೆ ದ್ಯುಬುವಾ ಅವರು 1792ರಲ್ಲಿ ಭಾರತಕ್ಕೆ ಬಂದು 1823ರಲ್ಲಿ ಹಿಂದಿರುಗಿದರು. ಹಿಂದಿರುಗಿದ್ದೇ ಒಂದು ಅಪವಾದ. ಪ್ಯಾರಿಸ್ಸಿನ ರ್ಯೂ ದು ಬಾಕ್ ಬೀದಿಯ ಗುರುಮಠದಿಂದ ಏಷ್ಯಾಕ್ಕೆ ಹೊರಡುತ್ತಿದ್ದ ಯುವ ಗುರುಗಳಿಗೆ ಒಂದು ಬೀಳ್ಕೊಡುಗೆಯ ವಿಧಿ ಇತ್ತು. ನೆರೆದವರು ಒಬ್ಬೊಬ್ಬರಾಗಿ ಬಂದು ಅವರ ಪಾದಗಳನ್ನು ಚುಂಬಿಸುತ್ತಿದ್ದರು. ಆ ಸಂದರ್ಭದ ಗೀತೆಗೆ ರಾಗ ಸಂಯೋಜಿಸಿದವರು ಪ್ರಖ್ಯಾತ ಸಂಗೀತಗಾರ ಗೂನೋ. ಆ ಸಾಲಿನಲ್ಲಿ ತಂದೆತಾಯಿಯರೂ ಇರುತ್ತಿದ್ದರು. ಮಗನನ್ನು ಮತ್ತೆ ನೋಡುವ ನಿರೀಕ್ಷೆ ಬಹುತೇಕ ಯಾರಿಗೂ ಇರಲಿಲ್ಲ. ನಮ್ಮ ಹಳೆಯ ದೇವಾಲಯಗಳ ಆವರಣದಲ್ಲಿ ಫ್ರೆಂಚ್ ಹೆಸರಿನ ಸಮಾಧಿಗಳನ್ನು ಕಂಡಾಗ, ಅದರ ಇನ್ನೊಂದು ತುದಿಯಲ್ಲಿ ಯಾವುದೋ ಹಳ್ಳಿಯಲ್ಲಿ ಒಬ್ಬ ತಾಯಿ ಸುದ್ದಿಗಾಗಿ ಕಾದಿದ್ದಳು ಎಂಬುದು ನಮಗೆ ಹೊಳೆಯುವುದೇ ಇಲ್ಲ.

ಹತ್ತೊಂಬತ್ತನೆಯ ಶತಮಾನದ ಒಂದೇ ದಶಕದಲ್ಲಿ ಎಲ್ಲವೂ ಬದಲಾಯಿತು. 1864ರಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಮದರಾಸಿನ ರೈಲು ಬಂತು. 1869ರ ನವೆಂಬರಿನಲ್ಲಿ ಸೂಯೆಜ್ ಕಾಲುವೆ ತೆರೆಯಿತು. 1870ರಲ್ಲಿ ಸಮುದ್ರದ ತಳದಲ್ಲಿ ಹಾಸಿದ ತಂತಿ ಬ್ರಿಟನ್ನನ್ನೂ ಮುಂಬಯಿಯನ್ನೂ ಜೋಡಿಸಿತು. ಮನುಷ್ಯನ ದೇಹಕ್ಕೆ ವಾರಗಳು ಬೇಕಾಗಿದ್ದರೂ ಅವನ ಸಾವಿನ ಸುದ್ದಿಗೆ ಗಂಟೆಗಳು ಸಾಕಾದವು. ಸುದ್ದಿಯೂ ಮನುಷ್ಯನೂ ಅಲ್ಲಿಯವರೆಗೆ ಒಂದೇ ಹಡಗಿನಲ್ಲಿ ಪ್ರಯಾಣಿಸುತ್ತಿದ್ದರು. ಅಂದಿನಿಂದ ಅವರ ದಾರಿಗಳು ಬೇರೆಯಾದವು. ಇದರ ಪರಿಣಾಮವನ್ನು ಮುಂದೆ ನೋಡುತ್ತೇವೆ.

ರೇಷ್ಮೆಯ ಊರಿನವರಾದ ನಿಮಗೆ ಇಲ್ಲಿ ಒಂದು ಮಾತು. ಪ್ರಯಾಣದ ಕಾಲವನ್ನು ಗಡಿಯಾರದಿಂದಲ್ಲದೆ ಮೊಟ್ಟೆಯಿಂದ ಅಳೆದವರೂ ಇದ್ದರು. ನಮ್ಮ ಮೈಸೂರು ತಳಿಯ ರೇಷ್ಮೆ ಮೊಟ್ಟೆ ಸುಮಾರು ಹತ್ತು ದಿನಗಳಲ್ಲಿ ಒಡೆಯುತ್ತದೆ; ಹುಳು ಹೊರಬಂದ ಕೂಡಲೇ ಹಿಪ್ಪುನೇರಳೆ ಎಲೆ ಬೇಕು. ಹಡಗಿನಲ್ಲಿ ಎಲೆ ಎಲ್ಲಿಯದು? ಆದ್ದರಿಂದ ದೂರದ ಸಮುದ್ರಯಾನವನ್ನು ತಾಳಿಕೊಳ್ಳಬಲ್ಲ ಮೊಟ್ಟೆಯೆಂದರೆ ಚಳಿದೇಶದ ತಳಿಗಳದು ಮಾತ್ರ. ಅವು ತಿಂಗಳುಗಟ್ಟಲೆ ನಿದ್ರಿಸುತ್ತವೆ. 1860ರ ದಶಕದಲ್ಲಿ, ರೋಗದಿಂದ ಕುಸಿದಿದ್ದ ಮೈಸೂರಿನ ರೇಷ್ಮೆಯನ್ನು ಮೇಲೆತ್ತಲು ಡಿ ವೆಕ್ಕಿ ಎಂಬ ಇಟಲಿಯವರು ಜಪಾನಿನಿಂದ ಮೊಟ್ಟೆಗಳನ್ನು ತರಿಸಿದ್ದು ಹೀಗೆ. ಪ್ರಯೋಗ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಇಂದು ವಿಜಯಪುರದ ಮಾರುಕಟ್ಟೆಗೆ ಬರುವ ಮಿಶ್ರತಳಿಯ ಗೂಡುಗಳಲ್ಲಿ ದೂರದೇಶದ ರಕ್ತವೂ ಇದೆ.

ವಿಮಾನದ ಕಾಲಕ್ಕೆ ಬರೋಣ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬಯಿಗೆ ಪುಟ್ಟ ವಿಮಾನವೊಂದರಲ್ಲಿ ಅಂಚೆಯನ್ನು ತಂದರು. ಲಂಡನ್ನಿನಿಂದ ಕರಾಚಿಯವರೆಗೆ ವಿಮಾನದ ಅಂಚೆ 1929ರಿಂದಲೇ ಬರುತ್ತಿತ್ತು. ಅದನ್ನು ಮುಂದಕ್ಕೆ ಒಯ್ಯುವ ಕೆಲಸ ಇದು. ಮುಂಬಯಿಯಿಂದ ಮದರಾಸಿಗೆ ಆ ಚೀಲಗಳನ್ನು ಕೊಂಡೊಯ್ದವರು ಟಾಟಾ ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ನಡುವಿನ ತಂಗುದಾಣ ನಮ್ಮ ಬಳ್ಳಾರಿ! ಕನ್ನಡ ನೆಲ ವಿಶ್ವದ ವಾಯುಮಾರ್ಗದ ನಕ್ಷೆಯನ್ನು ಸೇರಿದ್ದು ಬೆಂಗಳೂರಿನ ಮೂಲಕವಲ್ಲ, ಬಳ್ಳಾರಿಯ ಮೂಲಕ ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. 1948ರ ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನ ಮುಂಬಯಿಯಿಂದ ಕೈರೋ, ಜಿನೀವಾಗಳ ಮೂಲಕ ಲಂಡನ್ನಿಗೆ ಹಾರಿ, ಸ್ವತಂತ್ರ ಭಾರತದ ಅಂತಾರಾಷ್ಟ್ರೀಯ ಯಾನ ಆರಂಭವಾಯಿತು. ಬೆಂಗಳೂರಿಗರು ಮಾತ್ರ ಬಹುಕಾಲ ಮುಂಬಯಿಗೋ ಮದರಾಸಿಗೋ ಹೋಗಿಯೇ ವಿದೇಶದ ವಿಮಾನ ಹತ್ತಬೇಕಿತ್ತು.

ಬೆಂಗಳೂರಿಗೂ ಅಮೆರಿಕಕ್ಕೂ ಬೇರೊಂದು ನಂಟು ಬೆಳೆದದ್ದು 1985ರ ನಂತರ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಆ ವರ್ಷ ಬೆಂಗಳೂರಿನಲ್ಲಿ ಕಚೇರಿ ತೆರೆದು, ಉಪಗ್ರಹದ ಮೂಲಕ ಕೆಲಸವನ್ನು ಅಮೆರಿಕಕ್ಕೆ ಕಳುಹಿಸತೊಡಗಿತು. ಅದರ ಹಿಂದೆ ನೂರಾರು ಸಂಸ್ಥೆಗಳು ಬಂದವು. ಅಲ್ಲಿ ರಾತ್ರಿಯಾದಾಗ ಇಲ್ಲಿ ಹಗಲು ಎಂಬ ಭೂಗೋಳದ ಪಾಠವೇ ಒಂದು ಉದ್ಯಮದ ಬಂಡವಾಳವಾಯಿತು. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಸುಮಾರು 4,000 ಎಕರೆ ನೆಲ. 4,000 ಮೀಟರ್ ಉದ್ದದ ಓಟದ ಹಾದಿ. ಹದಿನೇಳು ಗಂಟೆಗೆ ಬೇಕಾಗುವಷ್ಟು ಇಂಧನವನ್ನು ಹೊತ್ತ ಭಾರದ ವಿಮಾನಗಳು, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ನಮ್ಮ ತೆಳುಗಾಳಿಯಲ್ಲಿ ಮೇಲೇರಬೇಕಾದರೆ ಅಷ್ಟು ಉದ್ದ ಬೇಕು. 2009ರಲ್ಲಿ ಬೆಂಗಳೂರೂ ಸ್ಯಾನ್ ಫ್ರಾನ್ಸಿಸ್ಕೋವೂ ಸೋದರ ನಗರಗಳೆಂದು ಒಪ್ಪಂದ ಮಾಡಿಕೊಂಡವು. ಅಸ್ಸಿಸಿಯ ಸಂತ ಫ್ರಾನ್ಸಿಸರ ಹೆಸರಿನಲ್ಲಿ 1776ರಲ್ಲಿ ಸ್ಥಾಪಿತವಾದ ಒಂದು ಪುಟ್ಟ ಮಿಷನ್ ಕೇಂದ್ರದ ಹೆಸರನ್ನು ಹೊತ್ತ ನಗರ ಅದು. ಇತ್ತ ಕೆಂಪೇಗೌಡರ ನಗರ. ಕೆಂಪೇಗೌಡರ ಪೂರ್ವಜರು ಎತ್ತಿನ ಗಾಡಿಗಳಲ್ಲಿ ಬಂದು ನೆಲೆಸಿದರೆಂದು ಐತಿಹ್ಯ ಹೇಳುವ ಆವತಿ ಇರುವುದು ದೇವನಹಳ್ಳಿಗೆ ಕೂಗಳತೆಯಲ್ಲಿ.

ಇಷ್ಟೆಲ್ಲ ಆದಮೇಲೆ ದೂರ ಅಳಿದುಹೋಯಿತು ಎಂದು ತೀರ್ಮಾನಿಸುವ ಆತುರ ನಮ್ಮಲ್ಲಿ ಹಲವರಿಗಿತ್ತು. ನನಗೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. 2020ರ ಮಾರ್ಚ್ ಆ ಭ್ರಮೆಯನ್ನು ಹರಿಯಿತು. ಕೋವಿಡ್ ಸಾಂಕ್ರಾಮಿಕದಿಂದಾಗಿ ಅಂದು ನಿಂತ ನಿಯಮಿತ ಅಂತಾರಾಷ್ಟ್ರೀಯ ಯಾನ ಪೂರ್ಣವಾಗಿ ಮರಳಿದ್ದು 2022ರ ಮಾರ್ಚ್ 27ರಂದು. ನಡುವೆ ವಿಶೇಷ ವಿಮಾನಗಳು, ಎರಡು ದೇಶಗಳ ನಡುವಿನ ತಾತ್ಕಾಲಿಕ ಒಪ್ಪಂದಗಳು ಮಾತ್ರ. ಮೇಲೆ ಹೇಳಿದ 2021ರ ಮೊದಲ ಹಾರಾಟವೂ ಅಂತಹ ದಿನಗಳದ್ದೇ. ಎರಡು ಅಮೆರಿಕನ್ ಸಂಸ್ಥೆಗಳು ಘೋಷಿಸಿದ್ದ, ಒಂದು ಸಿಯಾಟಲ್‌ನಿಂದ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ, ಬೆಂಗಳೂರಿನ ನೇರ ಸೇವೆಗಳು ಮತ್ತೆ ಮತ್ತೆ ಮುಂದಕ್ಕೆ ಹೋಗಿ ಕೊನೆಗೆ ಹಾರಲೇ ಇಲ್ಲ. ಏರ್ ಇಂಡಿಯಾದ ಸೇವೆಯೂ ನಡುವೆ ನಿಂತು, 2022ರ ಡಿಸೆಂಬರಿನಲ್ಲಿ ಪುನರಾರಂಭವಾಯಿತು.

ಗಾಳಿಯ ಜೊತೆಗೆ ಆಕಾಶದ ಗೋಡೆಗಳೂ ಸೇರಿಕೊಂಡವು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ ರಷ್ಯಾ ತನ್ನ ಆಕಾಶವನ್ನು ಅಮೆರಿಕ ಮತ್ತು ಯೂರೋಪಿನ ವಿಮಾನಗಳಿಗೆ ಮುಚ್ಚಿತು. ಭಾರತದ ವಿಮಾನಗಳಿಗೆ ಆ ನಿರ್ಬಂಧವಿರಲಿಲ್ಲ. ಆದ್ದರಿಂದಲೇ 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನ ಯಂತ್ರದೋಷದಿಂದ ರಷ್ಯಾದ ಪೂರ್ವದ ಮಗದಾನ್ ಪಟ್ಟಣದಲ್ಲಿ ಇಳಿಯಿತು. 216 ಪ್ರಯಾಣಿಕರು. ನಗರದಲ್ಲಿ ಎಲ್ಲರಿಗೂ ಸಾಕಾಗುವಷ್ಟು ವಸತಿ ಇಲ್ಲದೆ ಹಲವರು ಶಾಲೆಯ ಕೋಣೆಗಳಲ್ಲಿ ನೆಲದ ಮೇಲೆ ಹಾಸಿಕೊಂಡು ಮಲಗಿದರು. ಬದಲಿ ವಿಮಾನ ಅವರನ್ನು ಕ್ಯಾಲಿಫೋರ್ನಿಯಾಕ್ಕೆ ಮುಟ್ಟಿಸುವ ಹೊತ್ತಿಗೆ ಜೂನ್ 8 ಆಗಿತ್ತು. ನಿಮ್ಮ ರೇಷ್ಮೆ ದಾರವನ್ನು ಮತ್ತೆ ಭೂಗೋಳದ ಮೇಲೆ ಇಟ್ಟು ನೋಡಿ. ಬೆಂಗಳೂರಿನ ದಾರಿಯೂ ರಷ್ಯಾದ ಪೂರ್ವದ ನೆಲದ ಮೇಲೆಯೇ ಹಾದುಹೋಗುತ್ತದೆ. ಮೊಜಾಂಬಿಕ್ ದ್ವೀಪದಲ್ಲಿ ಕ್ಸೇವಿಯರ್ ಅವರು ಕಾದಂತೆ ಮಗದಾನಿನಲ್ಲಿ ಇವರು ಕಾದರು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ನಂತರ, ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ದೀರ್ಘಯಾನಗಳು ಸುತ್ತುದಾರಿ ಹಿಡಿದವು, ಕೆಲವು ನಡುವೆ ಇಂಧನಕ್ಕಾಗಿ ಇಳಿಯಬೇಕಾಯಿತು. ನಗರಗಳ ನಡುವಿನ ಅಂತರ ಒಂದು ಅಂಗುಲವೂ ಹೆಚ್ಚಿರಲಿಲ್ಲ.

ಈ ಲೆಕ್ಕಗಳೆಲ್ಲ ಧರ್ಮಕೇಂದ್ರದ ಪಾದ್ರಿಗೆ ಏಕೆ ಎಂದು ನೀವು ಕೇಳಬಹುದು. ಸಾವಿನ ಮನೆಯಲ್ಲಿ ನಮಗೆ ಮೊದಲು ಎದುರಾಗುವ ಪ್ರಶ್ನೆ ಇದೇ. ಹಿಂದೆ, ಮಣ್ಣು ಮಾಡುವುದು ಎಷ್ಟು ಹೊತ್ತಿಗೆ ಎಂದು ಕೇಳಿದರೆ, ಕೋಲಾರದ ಮಗಳು ಬಸ್ಸಿಳಿಯಲಿ ಎನ್ನುತ್ತಿದ್ದರು. ಈಗ, ಮಗ ಅಮೆರಿಕದಿಂದ ಹೊರಟಿದ್ದಾನೆ ಎನ್ನುತ್ತಾರೆ. ನೇರ ವಿಮಾನವಿದ್ದರೆ ಮನೆಯಿಂದ ಮನೆಗೆ ಒಂದು ದಿನ. ದುಬೈಯಲ್ಲೋ ಫ್ರಾಂಕ್‌ಫರ್ಟಿನಲ್ಲೋ ಬದಲಿಸಬೇಕಾದರೆ ಒಂದೂವರೆ ದಿನ, ಟಿಕೆಟ್ ಸಿಗದಿದ್ದರೆ ಎರಡು. ಶೀತಲ ಪೆಟ್ಟಿಗೆಯನ್ನು ಎಷ್ಟು ದಿನಕ್ಕೆ ಬಾಡಿಗೆಗೆ ಪಡೆಯಬೇಕು ಎಂಬುದನ್ನು ನಿರ್ಧರಿಸುವುದು ಪೆಸಿಫಿಕ್ ಸಾಗರದ ಮೇಲಿನ ಗಾಳಿ ಮತ್ತು ಎಲ್ಲೋ ದೂರದ ಸರ್ಕಾರಗಳ ಮುನಿಸು. ಸುದ್ದಿ ಮಾತ್ರ ಒಂದು ಕ್ಷಣದಲ್ಲಿ ತಲುಪಿರುತ್ತದೆ. 1870ರ ತಂತಿ ಸುದ್ದಿಯನ್ನೂ ಮನುಷ್ಯನನ್ನೂ ಬೇರ್ಪಡಿಸಿತು ಎಂದೆನಲ್ಲ; ಆ ಬಿರುಕಿನ ನೋವು ಇಂದು ಪ್ರತಿಯೊಂದು ಬೀದಿಯಲ್ಲೂ ಇದೆ. ಇಗ್ನಾಸಿಯವರು ಏಳು ತಿಂಗಳು ಕಳೆದರೂ ಅರಿಯದೆ ಇದ್ದರು. ನಮ್ಮ ಮಕ್ಕಳು ಅರಿತ ಮೇಲೆ ಹದಿನೇಳು ಗಂಟೆ ಕತ್ತಲಿನಲ್ಲಿ ಬೆಲ್ಟು ಬಿಗಿದು ಕೂರುತ್ತಾರೆ. ಯಾವುದು ಹಗುರ ಎಂದು ನಾನು ಹೇಳಲಾರೆ.

2020ರಲ್ಲಿ, ವಿಮಾನಗಳೇ ಇಲ್ಲದ ದಿನಗಳಲ್ಲಿ, ನಾನು ನಡೆಸಿದ ಒಂದು ಅಂತ್ಯಸಂಸ್ಕಾರವನ್ನು ಮರೆಯಲಾಗದು. ತೀರಿಕೊಂಡವರು ಜೀವನವಿಡೀ ರೇಷ್ಮೆ ಬಿಚ್ಚಿದ ತಾಯಿ. ಅನುಮತಿಯಿದ್ದ ಇಪ್ಪತ್ತು ಜನರ ನಡುವೆ ಒಬ್ಬ ಹುಡುಗ ಮೊಬೈಲನ್ನು ಎತ್ತಿ ಹಿಡಿದು ನಿಂತಿದ್ದ. ಕ್ಯಾಲಿಫೋರ್ನಿಯಾದಲ್ಲಿ ಆಗ ರಾತ್ರಿ ಹತ್ತು ಗಂಟೆ ಕಳೆದಿತ್ತು. ಎಲ್ಲರೂ ಹಿಡಿ ಮಣ್ಣು ಹಾಕಿದ ಮೇಲೆ, ಆ ಫೋನಿನೊಳಗಿನ ಮಗ ನನ್ನನ್ನು ಕರೆದು ಕೇಳಿದ: “ಫಾದರ್, ಪ್ರಾರ್ಥನೆಗೆ ಅಮ್ಮನಿರುವ ಕಡೆಗೆ ಮುಖ ಮಾಡಿ ನಿಲ್ಲಬೇಕು ಅನ್ನಿಸ್ತಿದೆ. ಇಲ್ಲಿಂದ ನಮ್ಮೂರು ಯಾವ ದಿಕ್ಕು?” ಆ ಕ್ಷಣದಲ್ಲಿ ನನಗೆ ಗೊತ್ತಿರಲಿಲ್ಲ. ಪಶ್ಚಿಮ ಇರಬೇಕು ಎಂದುಬಿಟ್ಟೆ.

ಆ ಸಂಜೆ ಶಾಲೆಯಿಂದ ಭೂಗೋಳ ತರಿಸಿ, ದಾರ ಎಳೆದು ನೋಡಿದೆ. ಮರುದಿನ ಅವನಿಗೆ ಫೋನ್ ಮಾಡಿ, ತಪ್ಪು ಹೇಳಿದ್ದೆನಪ್ಪ, ಉತ್ತರಕ್ಕೆ ನಿಲ್ಲು, ಸ್ವಲ್ಪ ಎಡಕ್ಕೆ ತಿರುಗಿ ಎಂದೆ. ಆ ಬದಿಯಲ್ಲಿ ಕುರ್ಚಿ ಸರಿಸಿದ ಸದ್ದು ಕೇಳಿಸಿತು.